ಊಟ ಬಿಡುವ ಮಕ್ಕಳನ್ನು ಬೈದು ಕಳಿಸಬೇಡಿ: ದಾವಣಗೆರೆಯಿಂದ ಒಂದು ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳಿಗೆ, ಪದವಿಪೂರ್ವ ಶಿಕ್ಷಣ ಇಲಾಖೆಯ ಉಪನಿರ್ದೇಶಕರಿಗೆ, ಮತ್ತು ನಮ್ಮೂರಿನಲ್ಲಿ ಕಾಲೇಜು, ಹಾಸ್ಟೆಲ್, ಪಿಜಿ, ಮೆಸ್ ನಡೆಸುವ ಎಲ್ಲರಿಗೂ,

ನಮಸ್ಕಾರ.

ನಾನು ದಾವಣಗೆರೆಯ ವಿದ್ಯಾನಗರದ ಕಡೆ ಮೆಸ್ ನಡೆಸುವವಳು. ಪಿಯುಸಿ, ಇಂಜಿನಿಯರಿಂಗ್, ಮೆಡಿಕಲ್, ಡೆಂಟಲ್ ಓದುವ ಮಕ್ಕಳೆಲ್ಲ ನಮ್ಮಲ್ಲಿ ಊಟಕ್ಕೆ ಬರುತ್ತಾರೆ. ಜಗಳೂರು, ಹೊನ್ನಾಳಿ, ಚನ್ನಗಿರಿ, ಹರಪನಹಳ್ಳಿ, ಆ ಕಡೆ ಚಳ್ಳಕೆರೆ, ಹಿರಿಯೂರಿನಿಂದ ಬಂದು ಇಲ್ಲಿ ರೂಮು ಮಾಡಿಕೊಂಡವರು. ಅವರು ಉಣ್ಣುವುದನ್ನು ಅಪ್ಪ ಅಮ್ಮ ನೋಡುವುದು ಹಬ್ಬಕ್ಕೆ ಊರಿಗೆ ಹೋದಾಗ ಮಾತ್ರ. ದಿನಾ ನೋಡುವವರು ನಾವು: ಮೆಸ್ಸಿನವರು, ವಾರ್ಡನ್‌ಗಳು, ಪಿಜಿ ಮಾಲೀಕರು, ಕ್ಲಾಸಿನಲ್ಲಿ ಎದುರಿಗೆ ನಿಲ್ಲುವ ಲೆಕ್ಚರರ್‌ಗಳು. ಊಟಕ್ಕೆ ಸಂಬಂಧಪಟ್ಟ ಒಂದು ಕಾಯಿಲೆ ಈ ಮಕ್ಕಳಲ್ಲಿ ಶುರುವಾದರೆ ಮೊದಲು ಕಣ್ಣಿಗೆ ಬೀಳುವುದು ನಮಗೇ. ಆದರೆ ಅದನ್ನು ಕಾಯಿಲೆ ಅಂತ ಗುರುತಿಸಲು ನಮಗೆ ಯಾರೂ ಕಲಿಸಿಲ್ಲ. ನನ್ನ ದೂರು ಇಷ್ಟೇ, ನನ್ನ ಬೇಡಿಕೆಯೂ ಅದರಿಂದಲೇ ಹುಟ್ಟಿದ್ದು.

ಕಳೆದ ವರ್ಷ ನಡೆದದ್ದನ್ನು ಬರೆಯುತ್ತೇನೆ. ಹುಡುಗಿಯ ಹೆಸರು, ಊರು, ಕಾಲೇಜು ಯಾವುದೂ ಇಲ್ಲಿ ಬರುವುದಿಲ್ಲ. ಅವಳನ್ನೂ ಅವಳ ತಾಯಿಯನ್ನೂ ಕೇಳಿಯೇ ಬರೆಯುತ್ತಿದ್ದೇನೆ.

ಸೈನ್ಸ್ ಓದುವ ಹುಡುಗಿ. ಬಂದ ಹೊಸತರಲ್ಲಿ ಎಲ್ಲರ ಹಾಗೇ ಇದ್ದಳು. ಚಪಾತಿ ಇದ್ದ ದಿನ ಇನ್ನೊಂದು ಹಾಕಿ ಆಂಟಿ ಅನ್ನುತ್ತಿದ್ದಳು. ಕೆಲವು ತಿಂಗಳಾದ ಮೇಲೆ ಅವಳ ತಟ್ಟೆಯೇ ಬೇರೆ ಆಯಿತು. ಚಪಾತಿಯನ್ನು ಉಗುರಿನಷ್ಟು ಚಿಕ್ಕ ಚೂರು ಮಾಡಿ ತಟ್ಟೆಯ ಅಂಚಿಗೆ ಸುತ್ತಲೂ ಜೋಡಿಸುವಳು. ಪಲ್ಯವನ್ನು ಕೆದಕಿ ಕೆದಕಿ ಒಂದು ಕಡೆ ಸರಿಸುವಳು. ಎಲ್ಲರೂ ಉಂಡು ಎದ್ದರೂ ಅವಳು ಕೂತೇ ಇರುವಳು, ಚೂರುಗಳು ಹಾಗೇ ಇರುವವು. ಪಕ್ಕದವಳ ತಟ್ಟೆಗೆ ಮಾತ್ರ ತಾನೇ ಬಡಿಸುವಳು, ಇನ್ನೊಂಚೂರು ತಿನ್ನು ಅಂತ ಒತ್ತಾಯ ಬೇರೆ. ಫೆಬ್ರವರಿ ಮುಗಿಯುವಷ್ಟರಲ್ಲಿ ನಮ್ಮೂರಲ್ಲಿ ಫ್ಯಾನ್ ಇಲ್ಲದೆ ಕೂರಲು ಆಗಲ್ಲ, ಅಲ್ವಾ? ಅಂಥ ಸೆಕೆಯಲ್ಲಿ ಅವಳು ಸ್ವೆಟರ್ ಹಾಕಿಕೊಂಡು ಬಂದು, "ಆಂಟಿ, ಫ್ಯಾನ್ ಆಫ್ ಮಾಡ್ತೀರಾ, ಚಳಿ ಆಗ್ತಿದೆ" ಅನ್ನುತ್ತಿದ್ದಳು. ಕೈ ಮುಟ್ಟಿದರೆ ತಣ್ಣಗೆ. ಕೂದಲು ಕೈಗೆ ಬರುವಷ್ಟು ಉದುರುತ್ತಿತ್ತು. ಸೋಮವಾರದ ಉಪವಾಸ ಮೊದಲಿಂದ ಇತ್ತು, ಆಮೇಲೆ ಗುರುವಾರ ಸೇರಿತು, ಶನಿವಾರವೂ ಸೇರಿತು. ಮಗಳಿಗೆ ದೇವರ ಮೇಲೆ ಭಕ್ತಿ ಬಂದಿದೆ ಅಂತ ಊರಲ್ಲಿ ತಾಯಿ ಸಂತೋಷಪಟ್ಟಿದ್ದರು.

ಒಂದು ದಿನ ಕಾಲೇಜಿನಲ್ಲಿ ತಲೆಸುತ್ತಿ ಬಿದ್ದಳು. ಕಾಲೇಜಿನವರು ಏನು ಮಾಡಿದರು ಗೊತ್ತಾ? ಹತ್ತಿರದ ಕ್ಲಿನಿಕ್ಕಿನಲ್ಲಿ ಒಂದು ಡ್ರಿಪ್ ಹಾಕಿಸಿದರು. ತಂದೆಯನ್ನು ಕರೆಸಿದರು. ಮೆಕ್ಕೆಜೋಳದ ಕೆಲಸ ಬಿಟ್ಟು ಓಡಿ ಬಂದ ಆ ಮನುಷ್ಯನನ್ನು ನಿಲ್ಲಿಸಿಕೊಂಡು, "ನಿಮ್ಮ ಮಗಳಿಗೆ ಕೊಬ್ಬು ಜಾಸ್ತಿ, ತಿಂಡಿ ತಿನ್ನದೆ ಬಂದು ನಾಟಕ ಮಾಡ್ತಾಳೆ" ಅಂದರು. ಇನ್ನು ಮುಂದೆ ಸರಿಯಾಗಿ ಊಟ ಮಾಡುತ್ತಾಳೆ, ಏನಾದರೂ ಆದರೆ ಕಾಲೇಜು ಹೊಣೆಯಲ್ಲ ಅಂತ ಪತ್ರ ಬರೆಸಿ ಸಹಿ ಹಾಕಿಸಿಕೊಂಡರು. ಆ ತಂದೆ ನಮ್ಮ ಮೆಸ್ಸಿಗೆ ಬಂದು ಕೂತಾಗ ಅವರ ಕೈ ನಡುಗುತ್ತಿತ್ತು. ಮಗಳನ್ನು ಬೈಯಲೋ, ಅಳಲೋ ಗೊತ್ತಾಗದ ಸ್ಥಿತಿ.

ನಮ್ಮಲ್ಲಿ ಊಟ ಮಾಡುವ ಮೆಡಿಕಲ್ ಹುಡುಗಿಯೊಬ್ಬಳು ಇದನ್ನೆಲ್ಲ ಕೇಳಿಸಿಕೊಂಡು, ಅಣ್ಣಾ, ಇದು ನಾಟಕ ಅಲ್ಲ, ಕೂಡಲೇ ಮನೋವೈದ್ಯರ ಹತ್ತಿರ ಹೋಗಿ ಅಂದಳು. ಅವಳು ಹೇಳದಿದ್ದರೆ ಏನಾಗುತ್ತಿತ್ತೋ ಯೋಚಿಸಲು ಭಯವಾಗುತ್ತದೆ. ಆಸ್ಪತ್ರೆಯಲ್ಲಿ ನೋಡಿದಾಗ ನಾಡಿಬಡಿತ ತುಂಬ ನಿಧಾನ ಆಗಿತ್ತು, ರಕ್ತದೊತ್ತಡ ಇಳಿದಿತ್ತು, ತಿಂಗಳ ಮುಟ್ಟು ನಿಂತೇ ಹೋಗಿತ್ತು. ಡಾಕ್ಟರು ಹೇಳಿದ ಹೆಸರು ಅನೊರೆಕ್ಸಿಯಾ ನರ್ವೋಸಾ. ದಪ್ಪ ಆಗಿಬಿಡುತ್ತೇನೆ ಅನ್ನುವ ಭಯ ಎಷ್ಟು ಗಟ್ಟಿಯಾಗಿ ಕೂತಿರುತ್ತದೆ ಅಂದರೆ ಮೂಳೆ ಕಾಣಿಸುತ್ತಿದ್ದರೂ ಕನ್ನಡಿಯಲ್ಲಿ ಅವರಿಗೆ ದಪ್ಪವೇ ಕಾಣುತ್ತದಂತೆ. ಹಸಿವು ಇಲ್ಲ ಅಂತಲ್ಲ, ಹಸಿವು ಇರುತ್ತದೆ, ದಿನವಿಡೀ ಊಟದ್ದೇ ಯೋಚನೆ ಇರುತ್ತದೆ, ತಿನ್ನಲು ಮಾತ್ರ ಆಗುವುದಿಲ್ಲ. ಮನಸ್ಸಿನ ಕಾಯಿಲೆಗಳಲ್ಲೇ ಅತಿ ಹೆಚ್ಚು ಜೀವ ತೆಗೆಯುವವುಗಳಲ್ಲಿ ಇದೂ ಒಂದು. ಕೆಲವರಿಗೆ ಹೃದಯ ಕೈಕೊಡುತ್ತದೆ, ಕೆಲವರು ಆತ್ಮಹತ್ಯೆಗೆ ಹೋಗುತ್ತಾರೆ. ಇಂಥದ್ದಕ್ಕೆ ಕೊಬ್ಬು ಅಂತ ಹೆಸರಿಡುವುದು ಎಷ್ಟು ಸರಿ?

ಆಸ್ಪತ್ರೆಯಲ್ಲಿ ನಾನು ತಿಳಿದುಕೊಂಡ ಒಂದು ಸಂಗತಿಯನ್ನು ಎಲ್ಲ ಮೆಸ್ಸಿನವರಿಗೂ, ವಾರ್ಡನ್‌ಗಳಿಗೂ ಹೇಳಲೇಬೇಕು. ಅವಳ ತಾಯಿ ಊರಿಂದ ತುಪ್ಪ, ಹೋಳಿಗೆ, ಶೇಂಗಾ ಉಂಡೆ ಎಲ್ಲ ಕಟ್ಟಿಕೊಂಡು ಬಂದಿದ್ದರು, ಮಗಳಿಗೆ ಅವತ್ತೇ ಹೊಟ್ಟೆ ತುಂಬಾ ತಿನ್ನಿಸಬೇಕು ಅಂತ. ಡಾಕ್ಟರು ಬೇಡ ಅಂದರು. ತುಂಬಾ ದಿನ ಉಪವಾಸ ಬಿದ್ದ ಮೈಗೆ ಒಮ್ಮೆಲೇ ಜಾಸ್ತಿ ಊಟ ಬಿದ್ದರೆ ರಕ್ತದಲ್ಲಿರುವ ಫಾಸ್ಫರಸ್, ಪೊಟ್ಯಾಸಿಯಂನಂಥ ಲವಣಗಳು ದಿಢೀರ್ ಕುಸಿಯುತ್ತವೆ. ಹೃದಯಕ್ಕೆ, ಉಸಿರಾಟಕ್ಕೆ ಅಪಾಯ ಆಗುತ್ತದೆ. ಅದಕ್ಕೆ ರೀಫೀಡಿಂಗ್ ಸಿಂಡ್ರೋಮ್ ಅನ್ನುತ್ತಾರೆ. ಹಾಗಾಗಿ ತೀರಾ ಇಳಿದುಹೋದ ಮಕ್ಕಳಿಗೆ ರಕ್ತ ಪರೀಕ್ಷೆ ಮಾಡಿಸುತ್ತಾ ಊಟವನ್ನು ಮೆಲ್ಲಗೆ ಏರಿಸುತ್ತಾ ಹೋಗಬೇಕು. ಹಿಡಿದು ಕೂರಿಸಿ ಬಾಯಿಗೆ ತುರುಕುವುದು ಪ್ರೀತಿಯಿಂದ ಮಾಡಿದರೂ ತಪ್ಪೇ.

ಇದೆಲ್ಲ ಯಾಕೆ ಶುರುವಾಯಿತು ಅಂತ ಆಮೇಲೆ ಅವಳೇ ಹೇಳಿದಳು. ಕಾಲೇಜಿನಲ್ಲಿ ಹೆಲ್ತ್ ಕಾರ್ಡ್ ತುಂಬಲು ಎಲ್ಲರನ್ನೂ ಹಾಲ್‌ನಲ್ಲಿ ಸಾಲಾಗಿ ನಿಲ್ಲಿಸಿ ತೂಕ ಹಾಕಿದ್ದರಂತೆ. ತೂಕವನ್ನು ಒಬ್ಬರು ಜೋರಾಗಿ ಕೂಗುವುದು, ಇನ್ನೊಬ್ಬರು ಬರೆದುಕೊಳ್ಳುವುದು. ಇವಳ ಸರದಿ ಬಂದಾಗ ಕೂಗಿದವರು ಒಂದು ಮಾತು ಸೇರಿಸಿದರು. ಹಿಂದೆ ನಿಂತಿದ್ದ ಹುಡುಗರು ನಕ್ಕರು. ಅವತ್ತೇ ರಾತ್ರಿ ಊಟ ಬಿಟ್ಟಳು. ಅದೊಂದೇ ಕಾರಣ ಅಂತ ನಾನು ಹೇಳಲ್ಲ. ಮನೆತನದಲ್ಲಿ ಬರುವ ಗುಣ, ಎಲ್ಲವೂ ಪಕ್ಕಾ ಇರಬೇಕು ಅನ್ನುವ ಸ್ವಭಾವ, ನೀಟ್ ಪರೀಕ್ಷೆಯ ಒತ್ತಡ, ಮೊಬೈಲಿನಲ್ಲಿ ದಿನಾ ನೋಡುವ ತೆಳ್ಳಗಿನ ಮೈಗಳು, ಇವೆಲ್ಲ ಸೇರುತ್ತವೆ ಅಂತ ಡಾಕ್ಟರೂ ಹೇಳಿದರು. ಆದರೆ ಬೇರೆ ಯಾವುದನ್ನೂ ಒಂದು ಸುತ್ತೋಲೆಯಿಂದ ನಿಲ್ಲಿಸಲು ಆಗಲ್ಲ. ಜನರ ಮುಂದೆ ತೂಕ ಕೂಗುವುದನ್ನು ನಿಲ್ಲಿಸಬಹುದು, ನಾಳೆಯೇ ನಿಲ್ಲಿಸಬಹುದು.

ಊಟದ ಕಾಯಿಲೆ ಸೊರಗಿದ ಹುಡುಗಿಯರಿಗೆ ಮಾತ್ರ ಬರುತ್ತದೆ ಅಂತ ಯಾರೂ ತಿಳಿಯಬೇಡಿ. ಬುಲಿಮಿಯಾ ನರ್ವೋಸಾ ಅಂತ ಇನ್ನೊಂದಿದೆ. ಅದರಲ್ಲಿ ಮಕ್ಕಳು ನೋಡಲು ಸರಿಯಾಗೇ ಇರುತ್ತಾರೆ, ತೂಕದಲ್ಲಿ ಏನೂ ಗೊತ್ತಾಗಲ್ಲ. ಯಾರೂ ಇಲ್ಲದಾಗ ಕೈ ಹಿಡಿತಕ್ಕೆ ಸಿಗದ ಹಾಗೆ ತುಂಬಾ ತಿನ್ನುತ್ತಾರೆ, ಆಮೇಲೆ ನಾಚಿಕೆ, ಭಯ ಶುರುವಾಗಿ ತಿಂದದ್ದನ್ನು ಹೊರಗೆ ಹಾಕಲು ನೋಡುತ್ತಾರೆ, ಇಲ್ಲವೇ ಮಾರನೇ ದಿನವಿಡೀ ಉಪವಾಸ ಬೀಳುತ್ತಾರೆ. ಊಟ ಆದ ತಕ್ಷಣ ದಿನಾ ಬಾತ್‌ರೂಮಿಗೆ ಓಡುವುದು, ನಲ್ಲಿ ಜೋರಾಗಿ ಬಿಟ್ಟುಕೊಳ್ಳುವುದು, ಕಿವಿಯ ಕೆಳಗೆ ಕೆನ್ನೆ ಊದಿಕೊಳ್ಳುವುದು, ಬೆರಳಿನ ಗೆಣ್ಣಿನ ಮೇಲೆ ಗಾಯದ ಕಲೆ, ಗಂಟಲು ಸದಾ ಕೆಟ್ಟಿರುವುದು, ರೂಮಿನಲ್ಲಿ ತಿಂಡಿ ಪ್ಯಾಕೆಟ್ಟಿನ ಖಾಲಿ ಕವರುಗಳು ಬಚ್ಚಿಟ್ಟಿರುವುದು, ಇವು ಗುರುತುಗಳು. ಹೊಟ್ಟೆಯ ಆಸಿಡ್ ತಾಗಿ ತಾಗಿ ಮೇಲಿನ ಮುಂದಿನ ಹಲ್ಲುಗಳ ಒಳಭಾಗ ಸವೆಯುತ್ತದೆ. ಎಷ್ಟೋ ಸಲ ಇದನ್ನು ಮೊದಲು ಕಂಡುಹಿಡಿಯುವವರು ಹಲ್ಲಿನ ಡಾಕ್ಟರು. ನಮ್ಮೂರಲ್ಲಿ ಎರಡೆರಡು ಡೆಂಟಲ್ ಕಾಲೇಜು ಇವೆ. ಅಲ್ಲಿ ದಿನಾ ಬಾಯಿ ನೋಡುವ ಡಾಕ್ಟರುಗಳು ಹಲ್ಲು ಸವೆದ ಹುಡುಗಿಯನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಒಂದು ಮಾತು ಕೇಳಿದರೆ ಎಷ್ಟು ಉಪಕಾರ ಆಗುತ್ತದೆ! ಹೊರಗಿನಿಂದ ಚೆನ್ನಾಗಿ ಕಾಣುವ ಈ ಮಕ್ಕಳ ರಕ್ತದಲ್ಲಿ ಪೊಟ್ಯಾಸಿಯಂ ಇಳಿದು ಹೃದಯದ ಬಡಿತ ತಪ್ಪಬಹುದು. ಅದಕ್ಕೇ ಸೊರಗಿಲ್ಲ ಅಂತ ಸುಮ್ನೆ ಬಿಡುವ ಹಾಗಿಲ್ಲ.

ಇನ್ನು ಬಿಂಜ್ ಈಟಿಂಗ್ ಡಿಸಾರ್ಡರ್. ಇಲ್ಲಿ ತಿಂದದ್ದನ್ನು ಹೊರಹಾಕುವ ಪ್ರಯತ್ನ ಇರಲ್ಲ. ಹಸಿವಿಲ್ಲದಿದ್ದರೂ ಬೇಗ ಬೇಗ, ಹೊಟ್ಟೆ ನೋಯುವಷ್ಟು ತಿನ್ನುತ್ತಾರೆ, ಒಬ್ಬರೇ ಕೂತು ತಿನ್ನುತ್ತಾರೆ, ಆಮೇಲೆ ತಮ್ಮ ಮೇಲೆ ತಮಗೇ ಅಸಹ್ಯ. ಇದು ವಾರಕ್ಕೆ ಒಂದು ಸಲವಾದರೂ ಆಗುತ್ತಾ ಮೂರು ತಿಂಗಳು ನಡೆದರೆ ಕಾಯಿಲೆ ಅಂತ ಪರಿಗಣಿಸುತ್ತಾರೆ. ಅಮೆರಿಕದ ಮನೋವೈದ್ಯರ ಕೈಪಿಡಿಯಲ್ಲೇ ಇದು ಪ್ರತ್ಯೇಕ ಕಾಯಿಲೆಯಾಗಿ ಸೇರಿದ್ದು 2013ರಲ್ಲಿ. ಹಬ್ಬದ ದಿನ ನಾಲ್ಕು ಹೋಳಿಗೆ ಜಾಸ್ತಿ ತಿಂದರೆ, ಗೆಳೆಯರ ಜೊತೆ ಹೋಗಿ ಎರಡು ಬೆಣ್ಣೆ ದೋಸೆ ಹೊಡೆದರೆ ಅದು ಕಾಯಿಲೆ ಅಲ್ಲ, ಅದು ಖುಷಿ. ಆದರೆ ನಿಜವಾಗಿ ಈ ಕಾಯಿಲೆ ಇರುವ ಹುಡುಗನಿಗೆ ನಾವು ಏನು ಹೇಳುತ್ತೇವೆ? ಹೊಟ್ಟೆಬಾಕ, ಬಾಯಿ ಕಟ್ಟು ಅನ್ನುತ್ತೇವೆ. ಅವನು ಅವಮಾನದಿಂದ ಮಧ್ಯಾಹ್ನದ ಊಟ ಬಿಡುತ್ತಾನೆ, ರಾತ್ರಿ ಮತ್ತೆ ಹಿಡಿತ ತಪ್ಪುತ್ತದೆ. ಬೈಗುಳದಿಂದ ಕಾಯಿಲೆ ಬೆಳೆಯುತ್ತದೆಯೇ ಹೊರತು ಕಡಿಮೆ ಆಗುವುದಿಲ್ಲ.

ಹುಡುಗರ ಬಗ್ಗೆ ಯಾರೂ ಮಾತಾಡುವುದೇ ಇಲ್ಲ. ದಾವಣಗೆರೆ ಗರಡಿಮನೆಗಳ ಊರು, ಮೈ ಗಟ್ಟಿ ಮಾಡುವುದು ನಮಗೆ ಹೊಸದಲ್ಲ, ಕುಸ್ತಿ ಆಡುವವರು ಚೆನ್ನಾಗಿ ಉಂಡು ಚೆನ್ನಾಗಿ ಬೆವರು ಹರಿಸುತ್ತಾರೆ. ನಾನು ಹೇಳುತ್ತಿರುವುದು ಬೇರೆ. ಜಿಮ್ಮಿಗೆ ಒಂದು ದಿನ ತಪ್ಪಿದರೆ ಸಿಡಿಮಿಡಿ ಆಗುವ ಹುಡುಗ, ಜ್ವರ ಬಂದರೂ ಹೋಗುವವನು, ಅಕ್ಕನ ಮದುವೆಯಲ್ಲೂ ಒಂದು ತುತ್ತು ಅನ್ನ ಮುಟ್ಟದೆ ಡಬ್ಬಿಯಲ್ಲಿ ತಂದ ಬೇಯಿಸಿದ ಮೊಟ್ಟೆ ತಿನ್ನುವವನು, ಮೈ ಎಷ್ಟು ದೊಡ್ಡದಾದರೂ ಸಾಲದು, ಇನ್ನೂ ಸಣ್ಣ ಇದ್ದೇನೆ ಅಂತ ಕೊರಗುವವನು. ಇವನಿಗೂ ಸಹಾಯ ಬೇಕು. ಹುಡುಗ ಅಂತ ಯಾರೂ ಅನುಮಾನ ಪಡದೇ ಇರುವುದರಿಂದ ಡಾಕ್ಟರ ಹತ್ತಿರ ಬರುವುದೇ ತಡವಾಗುತ್ತದೆ.

ಚಿಕ್ಕಂದಿನಿಂದ ಮೊಸರನ್ನ ಬಿಟ್ಟು ಬೇರೇನೂ ಮುಟ್ಟದ ಮಕ್ಕಳು ಇರುತ್ತಾರೆ. ವಾಸನೆ, ಮೆತ್ತಗಿನ ತರಕಾರಿ, ಗಂಟಲಿಗೆ ಸಿಕ್ಕಿಕೊಳ್ಳುವ ಭಯ, ಏನೇನೋ ಕಾರಣ. ಅವರಿಗೆ ತೂಕದ ಚಿಂತೆ ಇರಲ್ಲ. ಅದು ಬೆಳವಣಿಗೆಗೆ ಅಡ್ಡಿಯಾಗುವಷ್ಟು ಆದರೆ ಅದಕ್ಕೂ ಆರ್‌ಫಿಡ್ ಅನ್ನುವ ಹೆಸರಿದೆ, ಚಿಕಿತ್ಸೆ ಇದೆ. ಬಳಪ, ಮಣ್ಣು ತಿನ್ನುವ ಹುಡುಗಿಯರನ್ನು ನಾವೆಲ್ಲ ನೋಡಿದ್ದೇವೆ, ನೋಡಿ ನಕ್ಕಿದ್ದೇವೆ. ಅದು ಪೈಕಾ ಅನ್ನುವ ಕಾಯಿಲೆ. ಎಷ್ಟೋ ಸಲ ಮೈಯಲ್ಲಿ ಕಬ್ಬಿಣದ ಅಂಶ ಕಡಿಮೆ ಇರುವವರಲ್ಲಿ ಕಾಣಿಸುತ್ತದೆ. ಒಂದು ರಕ್ತ ಪರೀಕ್ಷೆ ಮಾಡಿಸಿದರೆ ದಾರಿ ಸಿಗುತ್ತದೆ.

ಉಪವಾಸದ ವಿಚಾರ ಸೂಕ್ಷ್ಮ, ಆದರೂ ಹೇಳುತ್ತೇನೆ. ನಾನೂ ಶಿವರಾತ್ರಿ ಉಪವಾಸ ಮಾಡುವವಳು. ವ್ರತಕ್ಕೆ ಪಾರಣೆ ಇರುತ್ತದೆ. ದಿನ ಮುಗಿದ ಮೇಲೆ ಖುಷಿಯಿಂದ ಎಲೆ ಹಾಕಿಕೊಂಡು ಉಣ್ಣುತ್ತೇವೆ. ಕಾಯಿಲೆಯ ಉಪವಾಸಕ್ಕೆ ಪಾರಣೆಯೇ ಇರಲ್ಲ. ಒಂದು ವಾರ ಹೋಗಿ ಎರಡು ವಾರ ಆಗುತ್ತದೆ, ಪ್ರಸಾದ ಕೊಟ್ಟರೂ ಕೈ ಹಿಂದೆ ಹೋಗುತ್ತದೆ, ಊಟ ಮಾಡು ಅಂದರೆ ಸಿಟ್ಟು ಬರುತ್ತದೆ. ಮನೆಯ ಹಿರಿಯರು ಈ ವ್ಯತ್ಯಾಸ ಗಮನಿಸಬೇಕು.

ಬ್ರಿಟನ್ನಿನ ಡಾಕ್ಟರುಗಳು 1999ರಲ್ಲಿ ಐದೇ ಪ್ರಶ್ನೆಗಳ ಒಂದು ಪಟ್ಟಿ ಮಾಡಿದರು, ಸ್ಕಾಫ್ ಅಂತ ಅದರ ಹೆಸರು. ಹೊಟ್ಟೆ ಭಾರ ಅನ್ನಿಸಿ ನೀನಾಗಿಯೇ ವಾಂತಿ ಮಾಡಿಕೊಳ್ಳುತ್ತೀಯಾ, ಎಷ್ಟು ತಿನ್ನುತ್ತೇನೆ ಅನ್ನುವುದು ಕೈ ತಪ್ಪಿದೆ ಅಂತ ಚಿಂತೆ ಇದೆಯಾ, ಮೂರು ತಿಂಗಳಲ್ಲಿ ಆರು ಕೆಜಿಗಿಂತ ಜಾಸ್ತಿ ಇಳಿದಿದ್ದೀಯಾ, ಬೇರೆಯವರು ಸಣ್ಣ ಅಂದರೂ ನಿನಗೆ ದಪ್ಪ ಅನ್ನಿಸುತ್ತದಾ, ಊಟದ ಯೋಚನೆಯೇ ನಿನ್ನ ಬದುಕನ್ನು ಆಳುತ್ತಿದೆಯಾ. ಎರಡಕ್ಕೆ ಹೌದು ಅಂದರೂ ಡಾಕ್ಟರಿಗೆ ತೋರಿಸಬೇಕು. ಇದರಿಂದ ಕಾಯಿಲೆ ಖಚಿತ ಆಗಲ್ಲ, ಅನುಮಾನ ಗಟ್ಟಿಯಾಗುತ್ತದೆ ಅಷ್ಟೆ. ಆದರೆ ಒಬ್ಬ ವಾರ್ಡನ್ ಒಬ್ಬಳೇ ಹುಡುಗಿಯನ್ನು ಕೂರಿಸಿಕೊಂಡು ಪ್ರೀತಿಯಿಂದ ಕೇಳಲು ಈ ಐದು ಪ್ರಶ್ನೆ ಸಾಕು. ಎಲ್ಲರ ಮುಂದೆ ಕೇಳಬಾರದು, ರೂಮ್‌ಮೇಟ್ ಮೂಲಕ ಕೇಳಿಸಬಾರದು.

ನನಗೆ ಸಂಕಟ ಆಗುವುದು ಎಲ್ಲಿ ಅಂದರೆ, ಇಷ್ಟೆಲ್ಲ ಅನುಕೂಲ ಇರುವ ಊರು ನಮ್ಮದು. ಎರಡು ಮೆಡಿಕಲ್ ಕಾಲೇಜುಗಳಲ್ಲಿ ಮನೋವೈದ್ಯ ವಿಭಾಗ ಇದೆ. ಜಿಲ್ಲಾ ಆಸ್ಪತ್ರೆ ಇದೆ, ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಇದೆ, ಹದಿಹರೆಯದವರಿಗೆ ಸ್ನೇಹ ಕ್ಲಿನಿಕ್ ಇದೆ. 14416ಕ್ಕೆ ಫೋನ್ ಮಾಡಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್‌ನವರು ಹಗಲು ರಾತ್ರಿ ಯಾವಾಗ ಬೇಕಾದರೂ ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಆದರೂ ತಲೆಸುತ್ತಿ ಬಿದ್ದ ಹುಡುಗಿ ಅಲ್ಲಿಗೆ ತಲುಪಿದ್ದು ಮೆಸ್ಸಿನಲ್ಲಿ ಪಕ್ಕದ ಟೇಬಲ್ಲಿನಲ್ಲಿ ಕೂತಿದ್ದ ಒಬ್ಬಳಿಂದ. ಕಾಲೇಜಿನಿಂದ ಆಸ್ಪತ್ರೆಗೆ ದಾರಿ ತೋರಿಸುವವರು ಯಾರೂ ಇರಲಿಲ್ಲ.

ಅದಕ್ಕೆ ಕೇಳಿಕೊಳ್ಳುತ್ತೇನೆ. ಉಪನಿರ್ದೇಶಕರೇ, ವಿದ್ಯಾರ್ಥಿಗಳ ತೂಕವನ್ನು ಬೇರೆಯವರ ಮುಂದೆ ಅಳೆಯಬಾರದು, ಕೂಗಬಾರದು, ಬೋರ್ಡಿಗೆ ಹಚ್ಚಬಾರದು ಅಂತ ಜಿಲ್ಲೆಯ ಎಲ್ಲ ಪಿಯು ಕಾಲೇಜುಗಳಿಗೂ ಸುತ್ತೋಲೆ ಕಳಿಸಿ. ತೂಕ ಬೇಕೇ ಬೇಕು ಅಂದರೆ ಒಂದು ರೂಮಿನಲ್ಲಿ, ಒಬ್ಬ ನರ್ಸ್ ಎದುರು, ಒಬ್ಬೊಬ್ಬರನ್ನೇ ಕರೆದು ನೋಡಲಿ. ಮಕ್ಕಳು ತಲೆಸುತ್ತಿ ಬಿದ್ದರೆ, ಕಣ್ಣೆದುರೇ ಸೊರಗುತ್ತಾ ಹೋದರೆ ಪೋಷಕರಿಂದ ತಪ್ಪೊಪ್ಪಿಗೆ ಬರೆಸಿಕೊಳ್ಳುವುದನ್ನು ನಿಲ್ಲಿಸಿ, ಆಸ್ಪತ್ರೆಗೆ ಒಂದು ಚೀಟಿ ಬರೆದುಕೊಡುವ ಪದ್ಧತಿ ಮಾಡಿ. ಆಮೇಲೆ ಹಾಜರಾತಿ. ಈ ಚಿಕಿತ್ಸೆಗೆ ತಿಂಗಳುಗಳೇ ಬೇಕು, ಕೆಲವರಿಗೆ ವರ್ಷಗಳು. ಶೇಕಡಾ 75 ಇಲ್ಲ ಅಂತ ಪರೀಕ್ಷೆಗೆ ಕೂರಿಸದಿದ್ದರೆ ಆ ಭಯದಲ್ಲೇ ಮಕ್ಕಳು ಅರ್ಧಕ್ಕೆ ಆಸ್ಪತ್ರೆ ಬಿಟ್ಟು ಬರುತ್ತಾರೆ. ನಮ್ಮ ಹುಡುಗಿಗೂ ಅದೇ ಭಯ ಇತ್ತು. ಕಾಲು ಮುರಿದವರಿಗೆ ತೋರಿಸುವ ಕರುಣೆಯನ್ನೇ ಇವರಿಗೂ ತೋರಿಸಿ ಅಂತ ಕೇಳುತ್ತಿದ್ದೇನೆ.

ಜಿಲ್ಲಾಧಿಕಾರಿಗಳೇ, ಸರ್ಕಾರಿ ಹಾಸ್ಟೆಲ್ ವಾರ್ಡನ್‌ಗಳು, ಖಾಸಗಿ ಹಾಸ್ಟೆಲ್ಲಿನವರು, ಪಿಜಿಯವರು, ದೈಹಿಕ ಶಿಕ್ಷಕರು, ಜಿಮ್ ತರಬೇತುದಾರರು, ಮೆಸ್ಸಿನವರು, ಎಲ್ಲರನ್ನೂ ಕರೆದು ಒಂದು ದಿನದ ತರಬೇತಿ ಕೊಡಿಸಿ. ಮೆಡಿಕಲ್ ಕಾಲೇಜಿನ ಮನೋವೈದ್ಯರು, ಡಯಟಿಶಿಯನ್‌ಗಳು ಬಂದು ಕನ್ನಡದಲ್ಲಿ ಹೇಳಲಿ. ಗುರುತುಗಳನ್ನೂ 14416 ನಂಬರನ್ನೂ ಬರೆದ ಒಂದು ಹಾಳೆ ಪ್ರತಿ ಹಾಸ್ಟೆಲ್ಲಿನ ನೋಟಿಸ್ ಬೋರ್ಡಿನಲ್ಲಿ ಇರಲಿ. ಕಾಯಿಲೆ ಗೊತ್ತಾದ ಮಕ್ಕಳನ್ನು ಹಾಸ್ಟೆಲ್ಲಿನಿಂದ ಹೊರಗೆ ಹಾಕುವಂತಿಲ್ಲ ಅಂತಲೂ ಸ್ಪಷ್ಟವಾಗಿ ಹೇಳಿ, ಯಾಕೆಂದರೆ ಹೆದರಿದ ಹಾಸ್ಟೆಲ್ಲಿನವರು ಮೊದಲು ಮಾಡುವುದೇ ಅದು.

ನನ್ನಂಥ ಮೆಸ್ಸಿನವರಿಗೆ, ಪಿಜಿಯವರಿಗೆ ಕೈಮುಗಿದು ಒಂದು ಮಾತು. ತಟ್ಟೆ ನೋಡಿ ಕಾಮೆಂಟ್ ಮಾಡಬೇಡಿ. "ಏನವ್ವ ಇಷ್ಟೇನಾ?" ಅಂತಲೂ ಬೇಡ, "ಎಷ್ಟು ತಿಂತೀಯಪ್ಪ" ಅಂತಲೂ ಬೇಡ. ದಪ್ಪ ಆಗಿದೀಯ ಅನ್ನುವುದು ಎಷ್ಟು ನೋಯಿಸುತ್ತದೋ, ಈಗ ಸಣ್ಣ ಆಗಿ ಚೆನ್ನಾಗಿ ಕಾಣ್ತೀಯ ಅನ್ನುವ ಹೊಗಳಿಕೆ ಈ ಮಕ್ಕಳಿಗೆ ಅದಕ್ಕಿಂತ ಅಪಾಯ. ತಟ್ಟೆ ಹಾಗೇ ಬರುತ್ತಿದೆ ಅಂತ ಕಂಡರೆ ಪಕ್ಕದಲ್ಲಿ ಕೂತು ಓದು ಹೇಗಿದೆ, ನಿದ್ದೆ ಬರ್ತಿದೆಯಾ ಅಂತ ಕೇಳಿ. ಮೈಗೆ ಹುಷಾರಿಲ್ಲ ಅನ್ನಿಸುತ್ತಿದೆ, ಒಟ್ಟಿಗೆ ಡಾಕ್ಟರ ಹತ್ತಿರ ಹೋಗೋಣ ಅನ್ನಿ. ಎದೆ ಹಾರುತ್ತದೆ ಅಂದರೆ, ತಲೆಸುತ್ತಿ ಬಿದ್ದರೆ, ರಕ್ತ ವಾಂತಿ ಆದರೆ, ಸಾಯಬೇಕು ಅನ್ನಿಸುತ್ತದೆ ಅಂದರೆ ಒಂದು ಗಂಟೆಯೂ ಕಾಯಬೇಡಿ, ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಮನೆಯವರಿಗೆ ದಾರಿಯಲ್ಲಿ ಫೋನ್ ಮಾಡಿದರಾಯಿತು.

ಪೋಷಕರೇ, ಮನೋವೈದ್ಯರ ಹತ್ತಿರ ಹೋದರೆ ಜನ ಏನಂದಾರು, ನಾಳೆ ಮದುವೆಗೆ ತೊಂದರೆ ಆದೀತು ಅನ್ನುವ ನಿಮ್ಮ ಹಿಂಜರಿಕೆ ನನಗೆ ಅರ್ಥವಾಗುತ್ತದೆ. ಆದರೆ ಬೇಗ ಹೋದಷ್ಟೂ ಪೂರ್ತಿ ಗುಣವಾಗುವುದು ಜಾಸ್ತಿ. ಸಣ್ಣ ವಯಸ್ಸಿನವರಿಗೆ ಅಪ್ಪ ಅಮ್ಮನನ್ನೇ ಜೊತೆಗೆ ಸೇರಿಸಿಕೊಂಡು, ಮನೆಯ ಊಟವನ್ನೇ ಔಷಧಿ ಮಾಡಿಕೊಂಡು ಕೊಡುವ ಚಿಕಿತ್ಸೆ ಇದೆ. ಬುಲಿಮಿಯಾಕ್ಕೆ ಮಾತಿನ ಚಿಕಿತ್ಸೆ ಇದೆ, ಮಾತ್ರೆಯೂ ಇದೆ. ನಮ್ಮ ಹುಡುಗಿಯ ತಾಯಿ ಈಗ ಊರು ಬಿಟ್ಟು ಇಲ್ಲೇ ಒಂದು ರೂಮು ಮಾಡಿಕೊಂಡು ಮಗಳ ಜೊತೆ ಕೂತು ಮೂರು ಹೊತ್ತು ಉಣ್ಣುತ್ತಿದ್ದಾರೆ. ಕೆಲವು ದಿನ ಸುಲಭ, ಕೆಲವು ದಿನ ಜಗಳ, ಕಣ್ಣೀರು. ಇನ್ನೂ ಪೂರ್ತಿ ಗುಣವಾಗಿಲ್ಲ. ಆದರೆ ನಾಡಿ ಸರಿಹೋಗಿದೆ, ಓದುತ್ತಿದ್ದಾಳೆ.

ಜೂನ್‌ನಲ್ಲಿ ಕಾಲೇಜು ಶುರುವಾಗಿ ಹೊಸ ಮಕ್ಕಳು ಟ್ರಂಕು ಹೊತ್ತುಕೊಂಡು ಬರುತ್ತಾರೆ. ಅದಕ್ಕೂ ಮೊದಲೇ ಸುತ್ತೋಲೆ ಹೊರಡಲಿ, ತರಬೇತಿ ನಡೆಯಲಿ. ಮೆಸ್ಸಿನವರನ್ನು ಸೇರಿಸುವ ಕೆಲಸ ನನಗೆ ಬಿಡಿ, ನಮ್ಮ ಬಡಾವಣೆಯವರನ್ನು ನಾನೇ ಕರೆತರುತ್ತೇನೆ. ಸಭೆಯನ್ನು ಮಧ್ಯಾಹ್ನ ಮೂರೂವರೆ ಮೇಲೆ ಇಟ್ಟರೆ ಊಟದ ಕೆಲಸ ಮುಗಿಸಿ ಎಲ್ಲರೂ ಬರಬಹುದು.

ಇಂತಿ,
ವಿದ್ಯಾನಗರದ ಒಬ್ಬ ಮೆಸ್ ನಡೆಸುವ ಹೆಣ್ಣುಮಗಳು
ದಾವಣಗೆರೆ